ಕಣ್ಣು ಕಟ್ಟಿ ಕುಡಿದ ಕಾಫಿ

ನಾಲಿಗೆಯ ಬಗ್ಗೆ ಜಂಬ ಕೊಚ್ಚುವ ಗಂಡಸರು ನಮ್ಮ ಮನೆಗೆ ಬರುವುದು ಇವತ್ತಿಗೂ ನಿಂತಿಲ್ಲ. ಮೊನ್ನೆ ಒಬ್ಬರು ಸಾರು ಸುರಿದುಕೊಂಡು, "ಈ ಸಲ ಬೇರೆ ಅಂಗಡಿ ಇಂಗು ಹಾಕಿದೀರಾ" ಎಂದು ಕಂಡುಹಿಡಿದರು. ಅವತ್ತು ನಾನು ಇಂಗೇ ಹಾಕಿರಲಿಲ್ಲ. ಇಂಥವರನ್ನು ಕಂಡರೆ ನನಗೆ ಮೊದಲು ಮೈ ಉರಿಯುತ್ತದೆ, ಆಮೇಲೆ ನಗು ಬರುತ್ತದೆ. ಈ ಉರಿ ಶುರುವಾದದ್ದು ಅರವತ್ತರ ದಶಕದಲ್ಲಿ, ಕೊತ್ತಗೆರೆಯಿಂದ ತುಮಕೂರಿಗೆ ಸೊಸೆಯಾಗಿ ಬಂದ ಹೊಸದರಲ್ಲಿ.

೧. ಕಷಾಯ

ನಮ್ಮ ಯಜಮಾನರು ಕಚೇರಿಯಲ್ಲಿ ಗುಮಾಸ್ತರು. ಭಾನುವಾರ ಸಂಜೆಯಾದರೆ ಅವರ ಇಬ್ಬರು ಸ್ನೇಹಿತರು ಇಸ್ಪೀಟಿಗೆ ಹಾಜರು. ಒಬ್ಬರು ಗುಬ್ಬಿ ಕಡೆಯ ವಕೀಲರು. ಇನ್ನೊಬ್ಬರು ಕುಣಿಗಲ್ಲಿನ ಡ್ರಿಲ್ ಮೇಷ್ಟ್ರು. ವಕೀಲರು ಏನು ಹೇಳಿದರೂ ಮೇಷ್ಟ್ರು "ಹೌದೌದು" ಅನ್ನುತ್ತಿದ್ದರು. ಶಾಲೆಯಲ್ಲಿ ದಿನವಿಡೀ ಹುಕುಂ ಮಾಡಿ ಮಾಡಿ ಸಾಕಾಗಿತ್ತೋ ಏನೋ, ಹೊರಗೆ ಬಂದರೆ ಯಾರ ಮಾತಿಗೂ ಎದುರಾಡುತ್ತಿರಲಿಲ್ಲ.

ಮೊದಲನೇ ಭಾನುವಾರ ನಾನು ಹೆದರಿ ಹೆದರಿ ಕಾಫಿ ತಂದಿಟ್ಟೆ. ವಕೀಲರು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ಏನ್ ತಂಗೀ, ಯಾರಿಗಾದ್ರೂ ನೆಗಡಿನಾ? ಕಷಾಯ ಮಾಡಿದೀಯಾ?"

"ಹೌದೌದು," ಎಂದರು ಮೇಷ್ಟ್ರು.

"ಕೊತ್ತಗೆರೆ ಹೆಣ್ಮಕ್ಳು ಮುದ್ದೆ ತೊಳಸ್ತಾರೆ, ಒಪ್ಕೋಬೇಕು. ಕಾಫಿಗೆ ಕೈ ಬೇರೆ ಕಣಮ್ಮಾ."

ನಮ್ಮ ಯಜಮಾನರು ಹಲ್ಲು ಕಿರಿದು ಕೂತರು. ಮುಂದಿನ ಭಾನುವಾರ ಅವರೇ ಕೂಜ ಹಿಡಿದುಕೊಂಡು ಹೋಟೆಲಿಗೆ ಹೋಗಿ ಕಾಫಿ ತಂದರು. ನನ್ನ ಒಲೆಗೆ ವಾರಕ್ಕೊಂದು ದಿನ ರಜಾ ಸಿಕ್ಕಿತು. ಬೆಂಕಿ ಮಾತ್ರ ಒಲೆಯಿಂದ ನನ್ನ ಹೊಟ್ಟೆಗೆ ವರ್ಗವಾಯಿತು.

೨. ಮೈಲಿಗೆ ಕೂಜ

ನಮ್ಮತ್ತೆ ಮಹಾ ಮಡಿವಂತೆ. ಹೋಟೆಲಿನ ಪದಾರ್ಥ ಅಂದರೆ ಮೂಗು ಮುಚ್ಚಿಕೊಳ್ಳುವವರು. ಅವರ ಕಟ್ಟಪ್ಪಣೆ ಏನೆಂದರೆ, ಕೂಜ ನಡುಮನೆ ದಾಟಿ ಅಡಿಗೆಮನೆಗೆ ಬರಕೂಡದು. ಇಸ್ಪೀಟು ಮುಗಿದ ಮೇಲೆ ಕೂಜದಲ್ಲಿ ಕಾಫಿ ಉಳಿದೇ ಉಳಿಯುತ್ತಿತ್ತು. ಅದನ್ನು ಚೆಲ್ಲಲು ನಾನು ಕೈ ಹಾಕಿದರೆ ಅತ್ತೆ ಗದರುತ್ತಿದ್ದರು.

"ಮುಟ್ಬೇಡ ಅದನ್ನ! ಅಡಿಗೆ ಮಾಡೋ ಕೈಯಿ. ನಾನು ಹೆಂಗಿದ್ರೂ ಸ್ನಾನ ಮಾಡ್ಬೇಕು, ನಾನೇ ಬಾಳೆ ಬುಡಕ್ಕೆ ಸುರೀತೀನಿ."

ಹಾಗೆಂದು ಸೆರಗಿನಲ್ಲಿ ಕೂಜದ ಕಿವಿ ಹಿಡಿದು ಹಿತ್ತಲಿಗೆ ಹೋಗುತ್ತಿದ್ದರು. ಬರುವುದು ಸ್ವಲ್ಪ ತಡವಾಗುತ್ತಿತ್ತು. ವಯಸ್ಸಾದವರು, ನಿಧಾನ ಎಂದುಕೊಳ್ಳುತ್ತಿದ್ದೆ. ಎರಡು ವರ್ಷ ಹಾಲು ಸಕ್ಕರೆ ಹಾಕಿದ ಹೋಟೆಲು ಕಾಫಿ ಕುಡಿದರೂ ಆ ದರಿದ್ರ ಬಾಳೆ ಒಂದು ಗೊನೆ ಹಾಕಲಿಲ್ಲ.

೩. ಅಪ್ಪ ಕೇಳಿದ ಪ್ರಶ್ನೆ

ಒಂದು ಭಾನುವಾರ ಊರಿಂದ ನಮ್ಮಪ್ಪ ಬಂದರು. ಹೆಗಲ ಮೇಲೆ ತೆಂಗಿನಕಾಯಿ ಮೂಟೆ, ಕೈಯಲ್ಲಿ ಅವರೆಕಾಯಿ ಚೀಲ. ಮಗಳ ಕೈ ಕಾಫಿ ಕುಡಿಯುವ ಆಸೆಯಿಂದ ಜಗುಲಿಯ ಮೇಲೆ ಕೂತರು. ನಮ್ಮ ಯಜಮಾನರು ಮರ್ಯಾದೆ ಮಾಡಲು ಹೋಗಿ ಅವರಿಗೂ ಕೂಜದಿಂದಲೇ ಬಗ್ಗಿಸಿಕೊಟ್ಟರು.

ಅಪ್ಪ ಒಂದು ಗುಟುಕು ಕುಡಿದು ನನ್ನ ಮುಖ ನೋಡಿದರು. ಮೆಲ್ಲಗೆ ಕೇಳಿದರು:

"ಯಾಕ್ ಮಗಾ, ನಿಮ್ಮನೇಲಿ ಒಲೆ ಹಚ್ಚಲ್ವಾ?"

ವಕೀಲರು ಬಿದ್ದು ಬಿದ್ದು ನಕ್ಕರು. ನನಗೆ ಅಳು ಬಂತು, ಅದಕ್ಕಿಂತ ಜಾಸ್ತಿ ಸಿಟ್ಟು ಬಂತು. ಅಪ್ಪನನ್ನು ಬಸ್ಸು ಹತ್ತಿಸಿ ಬಂದವಳೇ ಇಸ್ಪೀಟಿನ ಚಾಪೆಯ ಎದುರು ನಿಂತೆ.

"ವಕೀಲರೇ, ಬರೋ ಭಾನುವಾರ ಕಣ್ಣಿಗೆ ಬಟ್ಟೆ ಕಟ್ಕೊಂಡು ಕುಡೀರಿ. ಹೋಟ್ಲುದು ಯಾವ್ದು, ನಂದು ಯಾವ್ದು ಅಂತ ಹೇಳ್ಬಿಡಿ. ಸರಿಯಾಗಿ ಹೇಳಿದ್ರೆ ಜನ್ಮದಲ್ಲಿ ನಿಮಗೆ ಕಾಫಿ ಕೊಡಲ್ಲ. ತಪ್ಪಿದ್ರೆ ಕೂಜ ಅಟ್ಟಕ್ಕೆ. ಈ ಮನೆಗೆ ಯಾರು ಬಂದ್ರೂ ನನ್ನ ಒಲೇಲಿ ಕಾದಿದ್ದೇ ಕುಡೀಬೇಕು."

ಯಜಮಾನರು ಗಾಬರಿಯಾದರು. "ದೊಡ್ಡೋರ ಹತ್ರ ಹಿಂಗೆಲ್ಲಾ ಪಂದ್ಯ ಕಟ್ತಾರೇನೇ?"

"ದೊಡ್ಡೋರು ನಾಲಿಗೇಲಿ ತಾನೇ? ತೋರಿಸ್ಲಿ," ಎಂದೆ.

"ಹೌದೌದು," ಎಂದುಬಿಟ್ಟರು ಮೇಷ್ಟ್ರು, ಅಭ್ಯಾಸಬಲದಿಂದ.

೪. ಬಿಸಿನೀರು

ಆ ಭಾನುವಾರ ಒಂದೇ ಥರದ ಎರಡು ಹಿತ್ತಾಳೆ ತಂಬಿಗೆ ತೆಗೆದೆ. ಒಂದಕ್ಕೆ ನನ್ನ ಕಾಫಿ ಹಾಕಿಟ್ಟೆ. ಇನ್ನೊಂದಕ್ಕೆ ಯಜಮಾನರು ನಡುಮನೆಯಲ್ಲಿ ಕೂಜದ ಕಾಫಿಯನ್ನೆಲ್ಲ ಬಗ್ಗಿಸಿದರು. ಎರಡನ್ನೂ ತಟ್ಟೆಯಲ್ಲಿಟ್ಟುಕೊಂಡು ಯಾವುದು ಯಾವುದೆಂದು ನೆನಪಿಟ್ಟುಕೊಳ್ಳುವ ಕೆಲಸ ಅವರದ್ದೇ. ವಕೀಲರಿಗೂ ಮೇಷ್ಟ್ರಿಗೂ ಅವರವರ ಹೆಗಲ ವಸ್ತ್ರದಿಂದಲೇ ಕಣ್ಣು ಕಟ್ಟಿದ್ದಾಯಿತು.

ಬಾಯಿ ಮುಕ್ಕಳಿಸಲೆಂದು ಮೊದಲು ಒಂದೊಂದು ಲೋಟ ಬಿಸಿನೀರು ಕೈಗೆ ಕೊಟ್ಟೆ. ವಕೀಲರು ಗುಟುಕರಿಸಿ, ತುಟಿ ಚಪ್ಪರಿಸಿ, ತಲೆ ಆಡಿಸಿದರು.

"ಡಿಕಾಕ್ಷನ್ ತೆಳು. ಹಾಲಿಲ್ಲ. ಸಕ್ಕರೇಗೂ ಜಿಪುಣತನ. ಅನುಮಾನಾನೇ ಬೇಡ, ಇದು ನಮ್ಮ ತಂಗೀದೇ."

"ಅದು ಬಿಸಿನೀರು ವಕೀಲರೇ," ಎಂದೆ.

ವಕೀಲರು ಲೋಟವನ್ನು ಮೂಗಿಗೆ ಹಿಡಿದು ಮೂಸಿ ನೋಡಿದರು.

"ಅದನ್ನೇ ನಾನೂ ಹೇಳಿದ್ದು," ಎಂದರು ವಕೀಲರು.

೫. ಬಾಳೆಗಿಡದ ಸಾಕ್ಷಿ

ನಗು ತಡೆಯಲಾರದೆ ಮೇಷ್ಟ್ರು ಕಾಲು ಝಾಡಿಸಿದರು. ತಟ್ಟೆಗೆ ಒದೆ ಬಿತ್ತು. ಯಜಮಾನರು ಲಬಕ್ಕನೆ ಎರಡು ತಂಬಿಗೆಯನ್ನೂ ಎತ್ತಿ, ಚೆಲ್ಲಿದ್ದನ್ನು ಒರೆಸಿ, ಮತ್ತೆ ತಟ್ಟೆಯಲ್ಲಿಟ್ಟರು. ಆಮೇಲೆ ಒಂದೊಂದರಿಂದಲೂ ಅವರಿಬ್ಬರ ಲೋಟಕ್ಕೆ ಬಗ್ಗಿಸಿದರು.

ಮೊದಲನೇ ತಂಬಿಗೆಯದನ್ನು ಕುಡಿದು ವಕೀಲರು "ಆಹಾ!" ಎಂದರು. ಎರಡನೆಯದನ್ನು ಕುಡಿದು ಮುಖ ಹಿಂಡಿದರು. "ಮೊದಲ್ನೇದು ಹೋಟ್ಲುದು. ಎರಡ್ನೇದು ಮನೇದು. ಇದು ನನ್ನ ಅಂತಿಮ ತೀರ್ಮಾನ."

"ಹೌದೌದು," ಎಂದರು ಮೇಷ್ಟ್ರು.

ಇಬ್ಬರೂ ಕಣ್ಣು ಬಿಚ್ಚಿಕೊಂಡರು. ಎಲ್ಲರೂ ಯಜಮಾನರ ಮುಖ ನೋಡಿದೆವು. ಅವರು ಒಂದು ಸಲ ಈ ತಂಬಿಗೆ, ಒಂದು ಸಲ ಆ ತಂಬಿಗೆ ನೋಡುತ್ತಿದ್ದರು. ಒರೆಸುವಾಗ ಯಾವ ತಂಬಿಗೆ ಎಲ್ಲಿಟ್ಟೆನೆಂದು ಮರೆತುಬಿಟ್ಟಿದ್ದರು! ಎರಡನ್ನೂ ತಾವೇ ಒಂದೊಂದು ಗುಟುಕು ಕುಡಿದು ನೋಡಿದರು.

"ಏನನ್ನಿಸ್ತು?" ಎಂದೆ.

"ಎರಡೂ ಬಿಸಿಯಾಗಿದೆ," ಎಂದರು.

ಎರಡು ವರ್ಷದಿಂದ ಹೋಟೆಲಿಗೆ ಅಲೆದ ಮನುಷ್ಯ! ನಾನೇ ಕುಡಿದು ಹೇಳುತ್ತೇನೆಂದರೆ ವಕೀಲರು ಕೈ ಅಡ್ಡ ಹಿಡಿದರು. "ನೀನು ಕಕ್ಷಿದಾರಳು ಕಣಮ್ಮಾ. ನಿನ್ನ ಮಾತು ನಡೆಯಲ್ಲ. ನಾನು ಹೇಳಿದ್ದು ತಪ್ಪು ಅಂತ ಸಾಬೀತಾಗೋವರೆಗೂ ಸರೀನೇ. ಕೂಜ ಇಲ್ಲೇ ಇರುತ್ತೆ."

ಅಷ್ಟರಲ್ಲಿ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದ ಅತ್ತೆ ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದರು. ಒಂದು ತಂಬಿಗೆ ಎತ್ತಿ ಮೇಲಿಂದ ಬಾಯಿಗೆ ಬಿಟ್ಟುಕೊಂಡರು. ಇನ್ನೊಂದನ್ನೂ ಹಾಗೇ ಮಾಡಿದರು.

"ನೀವು ಆಹಾ ಅಂದ್ರಲ್ಲ, ಅದು ನಮ್ಮನೇದು. ಮುಖ ಹಿಂಡಿದ್ರಲ್ಲ, ಅದು ಹೋಟ್ಲುದು. ಮುಗೀತು."

ವಕೀಲರು ಸುಮ್ಮನಿರುತ್ತಾರೆಯೇ? "ಅಮ್ಮಾ, ತಮ್ಮ ಸಾಕ್ಷಿ ನಿಲ್ಲಲ್ಲ. ಹೋಟ್ಲು ಕಾಫೀನ ಇವತ್ತಿನವರೆಗೂ ಬಾಯಿಗೆ ಹಾಕದೋರು ತಾವು. ತಮಗೆ ಅದರ ರುಚಿ ಹೆಂಗೆ ಗೊತ್ತಾಗುತ್ತೆ?"

ಅತ್ತೆ ನನ್ನ ಕಡೆ ನೋಡಿದರು. ಹೂಂ ಅಂದರೆ ನಾನು ಸೋತೆ. ಊಹೂಂ ಅಂದರೆ ಅವರ ಇಷ್ಟು ವರ್ಷದ ಮಡಿ ಎಲ್ಲರೆದುರು ನೀರುಪಾಲು. ಒಪ್ಪಿಕೊಳ್ಳಲಾರರು ಎಂದುಕೊಂಡೆ. ಅವರು ಸೊಂಟದ ಮೇಲೆ ಕೈಯಿಟ್ಟರು.

"ಗೊತ್ತಿಲ್ಲ ಅಂತ ಯಾರ್ರೀ ಹೇಳಿದ್ದು? ಎರಡು ವರ್ಷದಿಂದ ಪ್ರತಿ ಭಾನುವಾರ ಹಿತ್ತಲಲ್ಲಿ ನಿಂತು ಕುಡೀತಿದೀನಿ. ಅಷ್ಟು ಹಾಲು ಸಕ್ಕರೆ ಹಾಕಿರೋದನ್ನ ಬಾಳೆಗಿಡಕ್ಕೆ ಹುಯ್ಯೋಕೆ ನಂಗೇನು ತಲೆ ಕೆಟ್ಟಿದ್ಯಾ?"

ಮೇಷ್ಟ್ರು ಈ ಸಲ "ಹೌದೌದು" ಎನ್ನಲೂ ಮರೆತರು. ವಕೀಲರು ವಸ್ತ್ರ ಕೊಡವಿ ಹೆಗಲಿಗೆ ಹಾಕಿಕೊಂಡರು. ನಾನು ಅತ್ತೆಯ ಕಾಲಿಗೆ ಬೀಳಲು ಹೋದರೆ, "ಮುಟ್ಬೇಡ, ಮೈಲಿಗೆ" ಎಂದು ಸರ್ರನೆ ಸ್ನಾನಕ್ಕೆ ನಡೆದರು. ಯಜಮಾನರು ಕುರ್ಚಿ ಹತ್ತಿ ಕೂಜವನ್ನು ಅಟ್ಟಕ್ಕೆ ಹಾಕಿದರು.

ಮುಂದಿನ ಭಾನುವಾರ ಕಾಫಿಗೆ ನೀರಿಡುತ್ತಿದ್ದೆ. ಅತ್ತೆ ಹಿಂದಿನಿಂದ ಬಂದು, ಆಚೀಚೆ ನೋಡಿ, ಗಂಭೀರವಾಗಿ ಹೇಳಿದರು:

"ಒಂದು ಲೋಟ ಜಾಸ್ತಿ ಹಾಕೇ. ಬಾಳೆಗಿಡ ಪಾಪ, ರೂಢಿಯಾಗ್ಬಿಟ್ಟಿದೆ."