ಸ್ಪಂಜ್ ಬಿಸ್ಕತ್ತೂ ನಮ್ಮತ್ತೆಯೂ

ಮಂಡ್ಯದ ನಮ್ಮ ಮನೆಗೆ ನನ್ನಣ್ಣ ಓವನ್ ತಂದುಕೊಟ್ಟಾಗಿನಿಂದ ಅಡುಗೆಮನೆಯಲ್ಲಿ ಏನಾದರೊಂದು ಆಗುತ್ತಲೇ ಇದೆ. ನಾನು ಮಾಡುವುದು ಪುಡ್ಡಿಂಗಿಗೆ ಹಾಕುವ, ಬೆರಳುದ್ದದ ಹಗುರ ಸ್ಪಂಜ್ ಬಿಸ್ಕತ್ತು. ಅತ್ತೆಗೋ ಆ ಪೆಟ್ಟಿಗೆ ಕಂಡರಾಗದು. "ಬರೀ ಕರೆಂಟು ತಿನ್ತದೆ" ಅಂತ ಅಟ್ಟಕ್ಕೇರಿಸಲು ನೆಪ ಹುಡುಕುತ್ತಲೇ ಇದ್ದರು.

೧. ನೊರೆ

ಈ ಬಿಸ್ಕತ್ತಿನ ಜೀವವೆಲ್ಲ ಮೊಟ್ಟೆಯ ಬಿಳಿಯ ನೊರೆಯಲ್ಲಿದೆ. ಮೊದಲ ಸಲ ಕೈ ಬಿದ್ದುಹೋಗುವಷ್ಟು ಕಡೆದು, ನೊರೆ ಬಟ್ಟಲ ತುಂಬ ಏರಿಸಿ, ಮೈದಾ ಜರಡಿ ಹಿಡಿಯಲು ಆ ಕಡೆ ತಿರುಗಿದೆ. ಈ ಕಡೆ ತಿರುಗಿದರೆ ಬಟ್ಟಲ ತಳದಲ್ಲಿ ಒಂಚೂರು ನೀರು. ಅತ್ತೆ ಸೌಟು ತೊಳೆಯುತ್ತಿದ್ದರು.

"ನೊರೆ ಎಲ್ಲತ್ತೆ?"

"ತೆಗ್ದು ಚೆಲ್ದೆ ಕಣವ್ವ. ಕೊತ್ತತ್ತೀಲಿ ನಮ್ಮಪ್ಪನ ಆಲೆಮನೇಲಿ ಬೆಲ್ಲ ಕಾಯ್ಸೋದು ನೋಡ್ಕೊಂಡು ಬೆಳೆದೋಳು ನಾನು. ಮೇಲೆ ಬಂದ ಕೊಳೆ ತಗೀದೆ ಬುಟ್ರೆ ಬೆಲ್ಲ ಕಪ್ಪಾಯ್ತದೆ. ಅಷ್ಟೂ ಗೊತ್ತಿಲ್ವಾ ನಿಂಗೆ?"

೨. ಟೀ

ಎರಡನೇ ಸಲ ಚೆನ್ನಾಗಿ ಬಂತು. ಮಾವ ಒಂದನ್ನು ಟೀಗೆ ಅದ್ದಿ ಕೈ ಎತ್ತಿದರು. ಕೈಯಲ್ಲಿ ಏನೂ ಇಲ್ಲ. ಲೋಟದಲ್ಲಿ ಇಣುಕಿದರು, ಕುರ್ಚಿ ಕೆಳಗೂ ನೋಡಿದರು. ಇನ್ನೊಂದು ಅದ್ದಿದರು, ಅದೂ ಮಾಯ. ಕೊನೆಗೆ ಚಮಚ ತರಿಸಿಕೊಂಡು ಕಲಕಿ ಕುಡಿದರು.

"ಚೆನ್ನಾಗದೆ ಕಣಮ್ಮ. ನಾಳೆಯಿಂದ ಸಕ್ರೆ ಬದ್ಲು ಇದ್ನೇ ಆಕು."

೩. ಮಳವಳ್ಳಿಯವರು

ನಾದಿನಿಯನ್ನು ನೋಡಲು ಮಳವಳ್ಳಿಯಿಂದ ಗಂಡಿನ ಕಡೆಯವರು ಬರುವುದಿತ್ತು. ಊಟವಾದ ಮೇಲೆ ಪುಡ್ಡಿಂಗ್ ಕೊಡೋಣ ಅಂದೆ. ಅತ್ತೆ ಒಪ್ಪಿದರು. "ತಟ್ಟೇಲಿ ಮಿಕ್ತೋ, ಪೆಟ್ಗೆ ಅಟ್ಟಕ್ಕೆ" ಅಂತಲೂ ಅಂದರು. ನಿಜ ಹೇಳಬೇಕೆಂದರೆ, ನನಗೆ ಸಂಬಂಧಕ್ಕಿಂತ ಓವನ್ನಿನ ಚಿಂತೆಯೇ ಹೆಚ್ಚಾಗಿತ್ತು.

ಏನೂ ಮಿಗಲಿಲ್ಲ. ಗಂಡಿನ ತಾಯಿ ಬಟ್ಟಲು ಕೆರೆದು ತಿಂದು, "ಯಾರು ಮಾಡಿದ್ದು?" ಅಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ, "ನಮ್ಮ ಉಡ್ಗೀನೇಯ, ಒಳ್ಗಡೆ ಕರೆಂಟು ಪೆಟ್ಗೇಲಿ" ಅಂದುಬಿಟ್ಟರು. ಗ್ಯಾಸ್ ಹಚ್ಚಲೂ ಬಾರದ ನಾದಿನಿ ತಲೆ ತಗ್ಗಿಸಿದಳು. ಅವರಿಗೆ ಆ ನಾಚಿಕೆಯೂ ಹಿಡಿಸಿತು.

ಸಂಬಂಧ ಕೂಡಿಬಂತು. ಹೊರಡುವಾಗ ಗಂಡಿನ ತಾಯಿ, "ನಮ್ಗೆ ಇನ್ನೇನೂ ಬ್ಯಾಡ ಕಣಮ್ಮ. ಉಡ್ಗಿ ಜೊತೇಲಿ ಆ ಪೆಟ್ಗೆ ಕಳ್ಸುಬುಡಿ" ಅಂದರು. ಅತ್ತೆ ನಗುತ್ತಾ ಹೂಂ ಅಂದರು.

ನನಗೆ ಹೊಟ್ಟೆ ಉರಿದುಹೋಯಿತು. ಅಟ್ಟಕ್ಕೆ ಹೋಗಿದ್ದರೆ ಎಂದಾದರೂ ಇಳಿಸಿಕೊಳ್ಳಬಹುದಿತ್ತು. ಅಡುಗೆಮನೆಯಲ್ಲಿ ಮುಖ ಊದಿಸಿಕೊಂಡು ನಿಂತಿದ್ದೆ. ಅತ್ತೆ ಬಂದು ಬೆನ್ನು ಸವರಿದರು.

"ಬೇಜಾರು ಮಾಡ್ಕೋಬ್ಯಾಡ ಕಣವ್ವ. ಮದ್ವೆ ಆದ್ಮೇಲೆ ನೀನೂ ಅದ್ರ ಜೊತೆ ಓಗಿ ಒಂದು ತಿಂಗ್ಳು ಇದ್ದು ಬಾ. ಅವ್ಳಿಗೆ ಅದ್ರ ಸ್ವಿಚ್ಚು ಎಲ್ಲದೆ ಅಂತ್ಲೂ ಗೊತ್ತಿಲ್ಲ."