ಸಿಡಿಯ ಗಿಣಿ, ಸಿಡಿಮಿಡಿಯ ನಾನು

ಗಿಣಿ ಬಾಯಿ ತೆರೆಯಿತು, ಮುಚ್ಚಿತು. ಮತ್ತೆ ತೆರೆಯಿತು, ಮತ್ತೆ ಮುಚ್ಚಿತು. ಕೊಕ್ಕಿನಿಂದ ಒಂದಕ್ಷರ ಉದುರಲಿಲ್ಲ. ರಾಣೆಬೆನ್ನೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಗಿರಮಿಟ್ಟಿನ ತಾಟು ಹಿಡಿದು ಕೂತಿದ್ದ ಮಹಿಳಾ ಮಂಡಳದ ಹನ್ನೊಂದು ಮಂದಿ ಕಂಪ್ಯೂಟರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಮೇಧಾಬಾಯಾರ, ಗಿಣಿ ಆಕಳಸಾಕತ್ತೈತಲ್ರಿ," ಎಂದಳು ಗದಿಗೆವ್ವ. "ನಿದ್ದಿ ಆಗಿಲ್ಲೇನ್ರಿ ಅದಕ್ಕ?"

ಇದು ಗಿಡದ ಮೇಲಿನ ಗಿಣಿಯಲ್ಲ, ಸಿಡಿಯೊಳಗಿನ ಗಿಣಿ. ಹಾವೇರಿಯ ಪ್ರದರ್ಶನದಲ್ಲಿ ನಾನೇ ಕೈಯಾರೆ ಆರಿಸಿ ತಂದ 'ಗಿಣಿರಾಮ ಮೇಷ್ಟ್ರು' ಎಂಬ ಕಂಪ್ಯೂಟರ್ ಆಟ. ಮಾವಿನ ಟೊಂಗೆಯ ಮೇಲೆ ಕೂತ ಗಿಣಿ ಕನ್ನಡದಲ್ಲಿ ಬಿಡಿಸಿ ಹೇಳುತ್ತ ಇಂಗ್ಲಿಷ್ ಕಲಿಸುತ್ತದೆ. ಉತ್ತರ ಸರಿಯಾದರೆ ಹಣ್ಣು 'ದೊಪ್' ಎಂದು ಬೀಳುತ್ತದೆ. ತಪ್ಪಾದರೆ ಕಾಗೆ 'ಕಾಂವ್' ಎನ್ನುತ್ತದೆ. ಮೈಕಿನಲ್ಲಿ ನಾವು ಏನಾದರೂ ಕೇಳಿದರೆ ಅದಕ್ಕೂ ಗಿಣಿ ಜವಾಬು ಕೊಡುತ್ತದೆ. ಬೆಂಗಳೂರಿನಲ್ಲಿ ತಯಾರಾದ ಗಿಣಿಯಾದ್ದರಿಂದ ಎದುರಿಗೆ ಕೂತವರಿಗೆ ಮೊಮ್ಮಕ್ಕಳಿದ್ದರೂ ಅವರನ್ನು 'ಪುಟ್ಟಾ' ಎಂದೇ ಕರೆಯುತ್ತದೆ.

ಮಂಡಳದಲ್ಲಿ ಇಂಗ್ಲಿಷ್ ಮಾತಾಡುವ ಕ್ಲಾಸು ಶುರು ಮಾಡಬೇಕೆಂದು ಠರಾವಾಗಿತ್ತು. ಕಲಿಸುವವರು ಯಾರು? ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಹತ್ತು ವರ್ಷ ಸಿಸ್ಟರುಗಳ ಕೈಕೆಳಗೆ ನಾಲಿಗೆ ತಿದ್ದಿಸಿಕೊಂಡು ಬಂದ ನಾನೋ, ಮೂವತ್ತು ದಿನದ ಪುಸ್ತಕ ಇಟ್ಟುಕೊಂಡು ಹದಿನೇಳನೆಯ ದಿನಕ್ಕೆ ನಿಂತುಹೋದ ಸೆಕ್ರೆಟರಿ ಸುಧಾರಾಣಿಯೋ? ಉತ್ತರ ಹಗಲಿನಷ್ಟು ಸ್ಪಷ್ಟವಿತ್ತು. ಆದರೂ ಸುಧಾರಾಣಿ ತಾನೇ ಕಲಿಸುತ್ತೇನೆಂದು ಹಟ ಹಿಡಿದಿದ್ದಳು. ನಾನು ಕಂಪ್ಯೂಟರ್ ತೋರಿಸಿ ಎಲ್ಲರ ಬಾಯಿ ಮುಚ್ಚಿಸಲು ಹೊರಟೆ. ಮುಚ್ಚಿದ್ದು ಗಿಣಿಯ ಬಾಯಿ.

ಸಿಟ್ಟು ಬರಿಸುವ ಸಂಗತಿಯೆಂದರೆ ಹಿನ್ನೆಲೆಯ ಸಂಗೀತ ಮಾತ್ರ ತನನ ತನನ ಎಂದು ಮದುವೆ ಮನೆಯಂತೆ ಬಾರಿಸುತ್ತಲೇ ಇತ್ತು. ಓಲಗ ಇದೆ, ಮಂತ್ರ ಇಲ್ಲ! ಮಾನ ಉಳಿಸಿಕೊಳ್ಳಲು ನಾನು ಕಂಪ್ಯೂಟರಿನ ಪಕ್ಕ ನಿಂತು ಗಿಣಿಯ ಮಾತನ್ನು ನಾನೇ ಆಡತೊಡಗಿದೆ. "ಹಲೋ ಪುಟ್ಟಾ! ವಾಟ್ ಈಸ್ ದಿಸ್?" ಹಣ್ಣು ಸಪ್ಪಳಿಲ್ಲದೆ ಬಿತ್ತು. ನಾನು "ದೊಪ್" ಎಂದೆ. ಕಾಗೆ ಬಂತು. (ಇಲ್ಲಿ ನಾನು ಮಾಡಿದ್ದನ್ನು ಬರೆಯಲು ಕೈ ಬರುತ್ತಿಲ್ಲ. ಓದುಗರು ಊಹಿಸಿಕೊಳ್ಳಬೇಕು.)

"ಆಟ ಆಡೋದು ಕಂಪ್ಯೂಟರೋ, ನೀವೋ?" ಎಂದಳು ಸುಧಾರಾಣಿ, ಗಿರಮಿಟ್ಟಿನಲ್ಲಿಯ ಶೇಂಗಾ ಒಂದೊಂದೇ ಆರಿಸಿ ತಿನ್ನುತ್ತ. "ನೋಡ್ರಿ ಬಾಯಾರ, ಮುಂದಿನ ಆಯಿತವಾರದೊಳಗ ಗಿಣಿ ಬಾಯಿ ಬಿಟ್ರ ಕ್ಲಾಸ್ ನಿಮ್ಮನ್ಯಾಗ. ಇಲ್ಲಾಂದ್ರ ನಮ್ಮನ್ಯಾಗ. ನಮ್ಮನ್ಯಾಗ ಗಿಣಿ ಇಲ್ಲ, ಖರೇ. ನಾ ಅದೇನಿ."

ಹನ್ನೊಂದು ತಲೆಗಳು ಹೌದೆಂದು ಅಲ್ಲಾಡಿದವು. ನನ್ನ ಗಿರಮಿಟ್ಟು ತಿಂದ ತಲೆಗಳು!

ಮಂದಿ ಹೋದ ಮೇಲೆ ಸಿಡಿ ತೆಗೆದು ಒರೆಸಿ ಮತ್ತೆ ಹಾಕಿದೆ. ಸಿಡಿ ಸುಮ್ಮನಿತ್ತು, ನಾನು ಸಿಡಿದೆ. ಒಳಗೆ ನನ್ನ ಯಜಮಾನರು ಪೇಪರು ಓದುತ್ತಿದ್ದರು. ಅಣ್ಣಾಜಿ ವಕೀಲರೆಂದರೆ ಕೋರ್ಟಿನಲ್ಲಿ ದೊಡ್ಡ ಮಾತಿನ ಮಲ್ಲ. ಮಾತನ್ನೆಲ್ಲ ಅಲ್ಲೇ ಖರ್ಚು ಮಾಡಿ ಬರುತ್ತಾರಾದ್ದರಿಂದ ಮನೆಗೆ ಉಳಿಯುವುದು 'ಹೂಂ' ಮತ್ತು 'ಹಾಂ' ಎಂಬ ಚಿಲ್ಲರೆ ಮಾತ್ರ.

"ಅಲ್ರೀ, ಗಿಣಿಗೆ ದನಿ ಇಲ್ಲ!"

"ಹೂಂ."

"ಹೂಂ ಅಂದ್ರ ಏನರ್ಥ? ಮನ್ಯಾಗ ಒಂದು ಮೂಕ ಪ್ರಾಣಿ ಸಾಕಿದ್ದು ಸಾಲದಂತ ಇನ್ನೊಂದು!"

"ಹಾಂ," ಎಂದರು, ಮೊದಲ ಪ್ರಾಣಿ ಯಾವುದೆಂದು ಕೇಳುವ ಧೈರ್ಯವಿಲ್ಲದೆ.

ಜಪಮಣಿ ಹಿಡಿದು ಕೂತಿದ್ದ ನಮ್ಮ ಅತ್ತೆ ಗೋದೂಬಾಯಿಯವರಿಗೆ ಮಾತ್ರ ಪರಮಾನಂದ. "ಛಲೋ ಆತವಾ ಮೇಧಾ. ಅದರ ಪುಟ್ಟಾ ಪುಟ್ಟಾ ಕೇಳಿ ನನ್ನ ಜಪದ ಲೆಕ್ಕ ತಪ್ಪತಿತ್ತು. ನಿನಗ ಬೇಕ ಬೇಕಂದ್ರ ಕದರಮಂಡಲಗಿ ಹಣಮಪ್ಪಗ ಒಂದು ಕಾಯಿ ಬೇಡ್ಕೊ. ಮಾತ ಬರಲಾರದ ಕೂಸಿಗೆ ಮಂದಿ ಬೇಡ್ಕೋತಾರ, ನೀ ಗಿಣಿಗೆ ಬೇಡ್ಕೊ."

ಸೋಮವಾರ ನಾನು ಆಟದ ಜೊತೆ ಬಂದ ಪುಸ್ತಿಕೆ ತೆರೆದೆ. ಶುದ್ಧ ಇಂಗ್ಲಿಷು. ನನಗೆ ಬಾರದ ಇಂಗ್ಲಿಷುಂಟೇ? 'ಟ್ರಬಲ್ ಶೂಟಿಂಗ್' ಎಂಬ ಅಧ್ಯಾಯ. ಟ್ರಬಲ್ ಎಲ್ಲಿದೆ ಎಂದು ಅದು ಹೇಳಲಿಲ್ಲ. ಶೂಟ್ ಯಾರನ್ನು ಮಾಡಬೇಕೆಂಬುದು ಮಾತ್ರ ಎರಡು ಪುಟ ಓದುವುದರೊಳಗೆ ನನಗೆ ಸ್ಪಷ್ಟವಾಯಿತು. 'ನಿಮ್ಮ ಸ್ಪೀಕರಿಗೆ ಕರೆಂಟು ಇದೆಯೇ?' ಇದೆ. 'ವೈರು ಕೂಡಿಸಿದ್ದೀರಾ?' ಕೂಡಿಸಿದ್ದೇವೆ. 'ಹಾಗಾದರೆ ಧ್ವನಿ ಬರಲೇಬೇಕು.' ಬರಲೇಬೇಕಂತೆ! ಇಷ್ಟು ಹೇಳಲು ಒಬ್ಬ ವಿದ್ವಾಂಸ ಬೇಕಾಗಿತ್ತೆ? ನಮ್ಮ ಗದಿಗೆವ್ವ ಹೇಳುತ್ತಿರಲಿಲ್ಲವೆ? ಪುಸ್ತಿಕೆಯನ್ನು ಎಸೆದೆ. ಅದು ಯಜಮಾನರ ಪೇಪರಿಗೆ ತಗುಲಿ ಸಪ್ಪಳವಾಯಿತು. ಆ ದಿನ ನಮ್ಮ ಮನೆಯಲ್ಲಿ ಸಿಕ್ಕ ಸೌಂಡ್ ಎಫೆಕ್ಟ್ ಅದೊಂದೇ.

ಬುಧವಾರ ಟ್ರ್ಯಾಕ್ಸಿನಲ್ಲಿ ಕಂಪ್ಯೂಟರಿನ ಪೆಟ್ಟಿಗೆಯನ್ನು ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು ಬ್ಯಾಡಗಿಗೆ ಹೋದೆ. ಅದನ್ನು ನಮಗೆ ಮಾರಿದವನು ಅಲ್ಲಿಯ ವಿಜಯಮಹಾಂತೇಶ. ಅವನ ಅಂಗಡಿಯ ಮುಂದಿನರ್ಧ ಕಂಪ್ಯೂಟರು, ಹಿಂದಿನರ್ಧ ಅವರಪ್ಪನ ಮೆಣಸಿನಕಾಯಿ ಚೀಲಗಳು. ಸುಗ್ಗಿಯ ಕಾಲ. ಪೇಟೆಯ ತುಂಬ ಕೆಂಪು ರಾಶಿ. ನನ್ನ ಸಿಟ್ಟಿಗೆ ಅದಕ್ಕಿಂತ ತಕ್ಕ ಊರು ಇನ್ನೊಂದಿರಲಿಲ್ಲ.

ಅವನು ತನ್ನ ಸ್ಪೀಕರ್ ಹಚ್ಚಿ ಆಟ ಶುರು ಮಾಡಿದ. ತನನ ತನನ ಬಂತು.

"ಹಾಡು ಬರಾಕತ್ತೈತಲ್ರಿ ಬಾಯಾರ! ಮತ್ತೇನ ಬೇಕು?"

"ಗಿಣಿ ಮಾತಾಡೂದು ಬೇಕು!"

"ಸಪ್ಪಳ ಐತಿ ಅಂದ್ರ ಮಷೀನ್ ಬರೋಬ್ಬರಿ ಐತಿ. ಗಿಣಿ ಯಾಕ ಮಾತಾಡವಲ್ದು ಅಂತ ಗಿಣಿನ್ನ ಕೇಳಬೇಕ್ರಿ. ಇರ್ರಿ, ಒಳಗ ಧೂಳ ಭಾಳ ಐತಿ, ಊದಿ ಕೊಡ್ತೇನಿ."

ಊದಿದ. ಬ್ಯಾಡಗಿಯಲ್ಲಿ, ಸುಗ್ಗಿಯಲ್ಲಿ, ಮೆಣಸಿನಕಾಯಿ ಚೀಲದ ಮಗ್ಗುಲಲ್ಲಿ ನಿಂತು ಗಾಳಿ ಊದಿದ. ರಾಣೆಬೆನ್ನೂರಿನ ಧೂಳು ಹೊರಗೆ ಹೋಯಿತು. ಒಳಗೆ ಏನು ಬಂತು ಎಂಬುದು ತಿಳಿದದ್ದು ಸಂಜೆ ಮನೆಯಲ್ಲಿ ಗುಂಡಿ ಒತ್ತಿದಾಗ. ಪೆಟ್ಟಿಗೆಯ ಫ್ಯಾನು ತಿರುಗಿತು. ಮೊದಲು ಸೀನಿದ್ದು ಅತ್ತೆ. ಆಮೇಲೆ ಯಜಮಾನರು. ಆಮೇಲೆ ನಾನು. ಆಮೇಲೆ ಕಿಟಕಿಯಾಚೆ ಪಕ್ಕದ ಮನೆಯವರು. ಹದಿನೈದು ನಿಮಿಷ ನಮ್ಮ ಮನೆಯಲ್ಲಿ ಎಲ್ಲರ ದನಿಯೂ ಕೇಳಿತು, ಗಿಣಿಯದೊಂದನ್ನು ಬಿಟ್ಟು.

"ಅಯ್ಯ, ಇದಕ್ಕ ಒಗ್ಗರಣಿ ಹಾಕಿಸ್ಕೊಂಡು ಬಂದೀಯೇನವಾ?" ಎಂದು ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ದೇವರ ಮನೆಗೆ ಓಡಿದರು.

ಗುರುವಾರ ನಾನು ಸಂತೆಯಿಂದ ಬಂದಾಗ ಯಜಮಾನರು ಬಾಗಿಲಲ್ಲೇ ನಿಂತಿದ್ದರು. ಮುಖದಲ್ಲಿ ದಾವೆ ಗೆದ್ದ ಕಳೆ. "ವಿಜಯಮಹಾಂತೇಶ ಫೋನ್ ಮಾಡಿದ್ದ. ಡ್ರೈವರ್ ಹೋಗ್ಯಾನಂತ. ಹೊಸಾ ಡ್ರೈವರ್ ಹಾಕಿದ್ರ ಎಲ್ಲಾ ಸರಿ ಆಗ್ತದಂತ. ನಾ ಹೇಳಿ ಕಳಿಸೇನಿ."

ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ನಾನು ಹೇಳದೆ ಅವರು ಮಾಡಿದ ಮೊದಲ ಕೆಲಸ. ನನಗೆ ಆಗಲೇ ಸಂಶಯ ಬರಬೇಕಿತ್ತು.

ಶುಕ್ರವಾರ ಬೆಳಿಗ್ಗೆ ಬಾಗಿಲಲ್ಲಿ ಖಾಕಿ ಅಂಗಿ, ಬಿಳಿ ಗಡ್ಡ. ಶಮಶೇರಸಾಬ. ಮೂವತ್ತು ವರ್ಷ ಜೀಪು, ಟ್ರ್ಯಾಕ್ಸು ಓಡಿಸಿದ ಕೈ.

"ಸಾಹೇಬ್ರು ಡ್ರೈವರ್ ಬೇಕಂತ ಹೇಳಿ ಕಳಿಸಿದ್ರು. ಗಾಡಿ ಎಲ್ಲೈತ್ರಿ ಬಾಯಾರ?"

ನಾನು ಒಳಗೆ ಹೋದೆ. ಮುಂದಿನ ಸಂಭಾಷಣೆ ಓಣಿಯ ತುದಿಯವರೆಗೆ ಕೇಳಿತೆಂದು ಬಲ್ಲವರು ಹೇಳುತ್ತಾರೆ.

"ಅವ ಏನಂದಾ? ಅವನ ಮಾತ ಇದ್ದದ್ದ ಇದ್ದಂಗ ಹೇಳ್ರಿ!"

"ಡ್ರೈವರ್ ಹೋಗೇತಿ ಅಂದ."

"ಹೋಗೇತಿ! ಹೋಗ್ಯಾನ ಅಲ್ಲ, ಹೋಗೇತಿ! ನಪುಂಸಕಲಿಂಗ! ಕಂಪ್ಯೂಟರಿನೊಳಗಿನ ಸಾಮಾನದ ಹೆಸರು ಅದು! ಮನಶಾ ಅಲ್ಲ!"

"ಡ್ರೈವರಿಗೆ ಹೋಗೇತಿ ಅನ್ನೂದು ಛಲೋ ಕಾಣ್ಸಂಗಿಲ್ಲಂತ ನಾನ ಮರ್ಯಾದಿ ಕೊಟ್ಟು ಪುಲ್ಲಿಂಗ ಮಾಡಿದೆ," ಎಂದರು. ವಕೀಲರಿಗೆ ಸಾಕ್ಷಿಯ ಹೇಳಿಕೆ ತಿದ್ದುವ ಚಟ ಮನೆಯಲ್ಲೂ ಹೋಗುವುದಿಲ್ಲ ನೋಡಿ.

ಕರೆಸಿದ ಮನುಷ್ಯನನ್ನು ಚಹಾ ಕೊಡದೆ ಕಳಿಸುವುದು ಹೇಗೆ? ಶಮಶೇರಸಾಬ ಬಶಿಯಲ್ಲಿ ಚಹಾ ಆರಿಸಿಕೊಳ್ಳುತ್ತ, ಪರದೆಯ ಮೇಲೆ ಸಪ್ಪಗೆ ಬಾಯಾಡಿಸುವ ಗಿಣಿಯನ್ನು ನೋಡಿದ. ತನನ ತನನ ಕೇಳಿದ. ಗಡ್ಡ ನೀವಿಕೊಂಡ.

"ಬಾಯಾರ, ಸಿಟ್ಟಾಗಬ್ಯಾಡ್ರಿ. ನಮ್ಮ ಗಾಡ್ಯಾಗ ಹಾರ್ನ್ ಬರ್ತಿರ್ತೈತಿ, ಟೇಪ್ ಬರಂಗಿಲ್ಲ. ಬ್ಯಾಟರಿ ಒಂದ, ವೈರ್ ಎರಡು. ಇದರಾಗೂ ಹಾಡಿನ ದಾರಿ ಬ್ಯಾರೆ, ಮಾತಿನ ದಾರಿ ಬ್ಯಾರೆ ಇರಬೇಕ್ರಿ. ಆವಾಜ ಕಡಿಮಿ-ಜಾಸ್ತಿ ಮಾಡೂದು ಎಲ್ಲೈತ್ರಿ?"

ತೋರಿಸಿದೆ. ಪರದೆಯ ಮೂಲೆಯ ಸ್ಪೀಕರ್ ಚಿತ್ರ ಒತ್ತಿದರೆ ಸಾಲಾಗಿ ಏರಿಳಿಸುವ ಪಟ್ಟಿಗಳ ಒಂದು ಕಿಟಕಿ ತೆರೆಯುತ್ತದೆ. ಅವನಿಗೆ ಇಂಗ್ಲಿಷ್ ಬಾರದು. ಒಂದೊಂದರ ಮೇಲೂ ಬೆರಳಿಟ್ಟು ಕೇಳತೊಡಗಿದ. ನಾನು ಕಾನ್ವೆಂಟಿನ ಗತ್ತಿನಿಂದ ಓದಿ ಹೇಳಿದೆ.

"ಇದೇನ್ರಿ?"

"ಸಿಡಿ. ಹಾಡು ಇದರಾಗಿಂದ ಬರೂದು."

"ಇದು?"

"ವೇವ್. ಅಂದ್ರ ಅಲೆ. ಉಳಿದ ಸಪ್ಪಳ ಎಲ್ಲಾ ಇದರಾಗಿಂದ."

"ಅದರ ಬುಡಕ ಏನೋ ಬರದೈತಲ್ರಿ?"

"ಮ್ಯೂಟ್."

"ಹಂಗಂದ್ರ?"

"ಮೂಕ."

ಶಮಶೇರಸಾಬ ಬಶಿ ಕೆಳಗಿಟ್ಟ. ಬಹಳ ಮೆತ್ತಗೆ ಕೇಳಿದ: "ಮತ್ತ ಅದರ ಮುಂದ ರೈಟ್ ಯಾರು ಹಾಕ್ಯಾರ್ರಿ ಬಾಯಾರ?"

ಯಾರು ಹಾಕಿದ್ದು? ಯಾರು ಹಾಕಿಯಾರು! ಮಂಡಳದವರು ಬರುವ ಮುಂಚಿನ ದಿನ ಅತ್ತೆಯ ಜಪಕ್ಕೆ ಅಡ್ಡಿಯಾಗುತ್ತದೆಂದು ನಾನೇ ಈ ಕಿಟಕಿ ತೆರೆದು ಗಿಣಿಯ ದನಿ ಒಂದಿಷ್ಟು ಇಳಿಸಿದ್ದೆ. ಕೆಲಸ ಮುಗಿಯಿತೆಂದು, ಕಿರಾಣಿ ಚೀಟಿಯಲ್ಲಿ ಬಂದ ಸಾಮಾನಿಗೆ ರೈಟ್ ಹಾಕುವಂತೆ, ಕೆಳಗಿದ್ದ ಖಾಲಿ ಚೌಕದಲ್ಲಿ ರೈಟ್ ಹಾಕಿ ಎದ್ದಿದ್ದೆ. ಖಾಲಿ ಚೌಕ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಆ ಹೊತ್ತಿಗೆ ಹಾಡು ಬರುತ್ತಲೇ ಇತ್ತಲ್ಲ, ನಾನು ಮಾಡಿದ್ದೇ ರೈಟ್ ಎಂದುಕೊಂಡಿದ್ದೆ. ಒಂದು ಅಲೆಗಾಗಿ ಇಡೀ ವಾರ ಅಲೆದೆ!

ರೈಟ್ ತೆಗೆದೆ. "ಹಲೋ ಪುಟ್ಟಾ!" ಎಂದು ಗಿಣಿ ಕಿರುಚಿತು. ದೇವರ ಮನೆಯಿಂದ "ಸತ್ತೆ!" ಎಂದು ಅತ್ತೆ ಕಿರುಚಿದರು. ಯಜಮಾನರು ಪೇಪರಿನ ಹಿಂದೆ ಹೋದರು. ಪೇಪರು ಬಹಳ ಹೊತ್ತು ಕುಲುಕುತ್ತಿತ್ತು.

"ನಗ್ರಿ, ನಗ್ರಿ!" ಎಂದೆ. "ನನಗ ಇಂಗ್ಲಿಷ್ ಬರ್ತದಂತನ ಅದನ್ನ ಓದಿದೆ. ನಿಮಗ ಡ್ರೈವರ್ ಅಂದ್ರ ಏನಂತ ಗೊತ್ತಿರಲಿಲ್ಲ."

"ನಾ ಕರಿಸಿದ ಡ್ರೈವರನ ಪತ್ತೆ ಹಚ್ಚಿಕೊಟ್ಟನಲ್ಲ?" ಎಂದಿತು ಪೇಪರು.

ಎರಡು ದಿನ ನಾನು ಆ ಪೇಪರಿನ ಜೊತೆ ಮಾತು ಬಿಟ್ಟೆ.

ಆಯಿತವಾರ ಬಂತು. ಸುಧಾರಾಣಿ ಹನ್ನೊಂದರ ಮೇಲೆ ಐದು ಮಂದಿಯನ್ನು ಕರೆತಂದಿದ್ದಳು, ನನ್ನ ಪರಾಭವಕ್ಕೆ ಸಾಕ್ಷಿ ಹೆಚ್ಚಿರಲೆಂದು. ನಾನು ರೇಶ್ಮೆ ಸೀರೆ ಉಟ್ಟು ಗುಂಡಿ ಒತ್ತಿದೆ. "ಹಲೋ ಪುಟ್ಟಾ! ವಾಟ್ ಈಸ್ ದಿಸ್?" ಎಂದಿತು ಗಿಣಿ, ಗಂಟೆ ಬಾರಿಸಿದಂತೆ. ಹಣ್ಣು ದೊಪ್ಪೆಂದು ಬಿತ್ತು. ಗದಿಗೆವ್ವ ಬೆಚ್ಚಿ ಟೇಬಲ್ಲಿನ ಕೆಳಗೆ ಹಣ್ಣು ಹುಡುಕಿದಳು. ಚಪ್ಪಾಳೆಯೋ ಚಪ್ಪಾಳೆ. ನಾನು ಸುಧಾರಾಣಿಯ ಕಡೆ ನೋಡಲಿಲ್ಲ. ಗೆದ್ದವರು ಸೋತವರ ಮುಖ ನೋಡಬಾರದೆಂಬ ಸಂಸ್ಕಾರ ನನಗಿದೆ. (ಕನ್ನಡಿಯಲ್ಲಿ ನೋಡಿದೆ.)

"ತುಂಬಿಟ್ಟ ಮಾತು ಟೇಪ್ ರೆಕಾರ್ಡರೂ ಆಡ್ತೈತಿ ಬಿಡ್ರಿ," ಎಂದಳು ಆಕೆ. "ಕೇಳಿದ್ದಕ್ಕ ಜವಾಬ ಕೊಡ್ತೈತಿ ಅಂದಿದ್ರೆಲ್ಲ? ಮೈಕ್ ಹಿಡದು ನಿಮ್ಮ ಕಾನ್ವೆಂಟ್ ಇಂಗ್ಲಿಷಿನ್ಯಾಗ ಏನರೆ ಒಂದು ಕೇಳ್ರಿ ನೋಡೂಣು. ಅದು ಬರೋಬ್ಬರಿ ಜವಾಬ ಕೊಟ್ರ ಕ್ಲಾಸ್ ನಿಮ್ಮದ. ನಾನ ಮೊದಲ ಹೆಸರ ಹಚ್ಚತೇನಿ."

ಇಷ್ಟೇನೆ? ನಾನು ಸೆರಗು ಸರಿಪಡಿಸಿಕೊಂಡು ಮೈಕು ಎತ್ತಿಕೊಂಡೆ. ಗಂಟಲು ಸರಿಮಾಡಿಕೊಂಡೆ. ಹತ್ತು ವರ್ಷ ಸಿಸ್ಟರುಗಳು ತಿದ್ದಿದ ನಾಲಿಗೆಯನ್ನು ಅಂಗುಳಕ್ಕೆ, ಹಲ್ಲಿಗೆ, ತುಟಿಗೆ ಎಲ್ಲೆಲ್ಲಿ ತಾಗಿಸಬೇಕೋ ಅಲ್ಲಲ್ಲಿ ತಾಗಿಸಿ, ಒಂದೊಂದು ಅಕ್ಷರಕ್ಕೂ ಇಸ್ತ್ರಿ ಹೊಡೆದು ಕೇಳಿದೆ:

"ಹೌ ಆರ್ ಯೂ ದಿಸ್ ಈವನಿಂಗ್, ಮೈ ಡಿಯರ್ ಪ್ಯಾರಟ್?"

ಹದಿನಾರು ಮಂದಿ ಪರದೆಯತ್ತ ಬಾಗಿದರು. ಜಪಮಣಿ ನಿಂತಿತು. ಪೇಪರು ಕೆಳಗಿಳಿಯಿತು. ಗಿಣಿ ಕತ್ತು ಓರೆ ಮಾಡಿ, ಎರಡು ಸಲ ರೆಪ್ಪೆ ಬಡಿದು, ಓಣಿಗೆಲ್ಲ ಕೇಳುವಂತೆ ಹೇಳಿತು:

"ಕನ್ನಡ ಬೇಡ ಪುಟ್ಟಾ. ಇಂಗ್ಲಿಷಿನಲ್ಲಿ ಕೇಳು."