ಇಪ್ಪತ್ತು ಜೊತೆ ಪ್ಯಾಂಟು

ಬೊಮ್ಮಸಂದ್ರದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಸ್ಟೋರ್ಸ್ ನೋಡಿಕೊಳ್ಳುವವನು. ಹತ್ತು ವರ್ಷ ಫೋನಿನಲ್ಲಿ ಕನ್ನಡದಲ್ಲೇ ಮಾತಾಡಿ ನಟ್ಟು, ಬೋಲ್ಟು, ಎಣ್ಣೆ ಎಲ್ಲ ತರಿಸಿದ್ದೆ. ಒಂದೂ ತಪ್ಪಿರಲಿಲ್ಲ. ಹೊಸ ಮ್ಯಾನೇಜರ್ ಬಂದವರೇ, ಇನ್ಮೇಲೆ ಆರ್ಡರೆಲ್ಲ ಇಂಗ್ಲಿಷ್ ಮೇಲ್‌ನಲ್ಲೇ ಹೋಗಬೇಕು ಎಂದರು. ನಾನು ಹೆದರಲಿಲ್ಲ. ಹೆಂಡತಿ ಗಿರಿಜಾ ಶಾಲೆಯಲ್ಲಿ ಇಂಗ್ಲಿಷ್ ಟೀಚರ್. ಭಾಷೆ ಮನೆಯಲ್ಲೇ ಇದೆ ಎಂಬ ಧೈರ್ಯ.

ಮೊದಲ ಆರ್ಡರೇ ಯೂನಿಫಾರ್ಮಿನದು. ವಿದೇಶದ ಗಿರಾಕಿಯೊಬ್ಬರು ಕಾರ್ಖಾನೆ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ನಮ್ಮ ನಲವತ್ತು ಜನಕ್ಕೂ ಎರಡು ವರ್ಷ ಕೈತುಂಬ ಕೆಲಸ. ಹಾಗಾಗಿ ಎಲ್ಲರಿಗೂ ಹೊಸ ಶರ್ಟು, ಹೊಸ ಪ್ಯಾಂಟು. ಕೊತ್ತಂಬರಿ ಸೊಪ್ಪು ಬಿಡಿಸುತ್ತ ಗಿರಿಜಾ ಪಾಠ ಹೇಳಿದಳು. ಇನ್‌ಫರ್ಮೇಶನ್, ಫರ್ನಿಚರ್‌ಗೆಲ್ಲ 'ಎಸ್' ಅಂಟಿಸಬಾರದು. ಪ್ಯಾಂಟು, ಕತ್ತರಿ, ಕನ್ನಡಕಕ್ಕೆ 'ಪೇರ್ ಆಫ್' ಸೇರಿಸಬೇಕು. ಮುಂದೆ ಇನ್ನೇನೋ ಹೇಳುವವಳಿದ್ದಳು. ನನಗೆ ಅಷ್ಟು ಸಾಕಾಗಿತ್ತು.

ಪೇರ್ ಅಂದರೆ ಜೊತೆ, ಜೊತೆ ಅಂದರೆ ಎರಡು. ನಲವತ್ತು ಪ್ಯಾಂಟಿಗೆ ಇಪ್ಪತ್ತು ಜೊತೆ. 'ಟ್ವೆಂಟಿ ಪೇರ್ಸ್ ಆಫ್ ಟ್ರೌಸರ್ಸ್' ಎಂದು ಬರೆದು, ಎರಡು ಸಲ ಓದಿ, ನನ್ನನ್ನು ನಾನೇ ಮೆಚ್ಚಿಕೊಂಡು ಕಳಿಸಿದೆ.

ಗಿರಾಕಿ ಬರುವ ಹಿಂದಿನ ದಿನ ಗಂಟು ಬಿಚ್ಚಿದರೆ ಶರ್ಟು ನಲವತ್ತು, ಪ್ಯಾಂಟು ಇಪ್ಪತ್ತು. ಬಟ್ಟೆ ಹೊಲಿದು ಕಳಿಸಿದ ಅತ್ತಿಬೆಲೆಯ ಅಂಗಡಿಯ ಮೇಡಂಗೆ ಫೋನ್ ಮಾಡಿ ರೇಗಾಡಿದೆ. ಅವರು ಸಮಾಧಾನವಾಗಿ, "ಸಾರ್, ಪ್ಯಾಂಟಿಗೆ ಎರಡು ಕಾಲಿರುತ್ತಲ್ಲ, ಅದಕ್ಕೇ ಪೇರ್ ಅನ್ನೋದು. ಒಂದು ಪೇರ್ ಅಂದ್ರೆ ಒಂದೇ ಪ್ಯಾಂಟು" ಎಂದರು. ಉಳಿದದ್ದು ಹೊಲಿಯಲು ಒಂದು ವಾರ ಬೇಕಂತೆ.

ದಾರಿ ತೋರಿಸಿದವನು ಕೊಪ್ಪಳದ ಬಸವರಾಜ, ನಮ್ಮ ವೆಲ್ಡರ್. "ಹೊಸಾ ಪ್ಯಾಂಟಿನವ್ರು ಮುಂದ ನಿಂದ್ರಲಿ ಸರ, ನಾವು ಹಳೇ ಪ್ಯಾಂಟಿನವ್ರು ಹಿಂದ ನಿಂದರ್ತೀವಿ" ಎಂದ. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಗಿರಾಕಿ ಒಳ್ಳೆಯ ಮನುಷ್ಯ. ಎಷ್ಟು ಒಳ್ಳೆಯವರೆಂದರೆ, ಕೈ ಕುಲುಕಲು ಹಿಂದಿನ ಸಾಲಿಗೂ ಹೋದರು. ಬಣ್ಣಬಣ್ಣದ ಪ್ಯಾಂಟುಗಳನ್ನು ನೋಡಿ ಏನೋ ಕೇಳಿದರು. ಅರ್ಧ ಪ್ಯಾಂಟು ಬಂದಿದೆ, ಇನ್ನರ್ಧ ಬರಬೇಕು ಎಂದು ನಾನೇ ಮುಂದೆ ಬಿದ್ದು ವಿವರಿಸಿದೆ:

"ಹಾಫ್ ಪ್ಯಾಂಟ್ ಕಮಿಂಗ್, ಸಾರ್."

ಅವರು ಬಸವರಾಜನ ಮೊಣಕಾಲು ನೋಡಿದರು. ಮ್ಯಾನೇಜರ್ ಚಾವಣಿ ನೋಡಿದರು. ಆಮೇಲೆ ಗಿರಾಕಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಲಸವನ್ನೂ ನಮಗೇ ಕೊಟ್ಟರು. ಅದು ವೆಲ್ಡಿಂಗ್ ನೋಡಿ, ನನ್ನ ಇಂಗ್ಲಿಷ್ ಕೇಳಿ ಅಲ್ಲ.

ಇಷ್ಟಾದ ಮೇಲೆ ಬುದ್ಧಿ ಕಲಿತೆ. ಪೇರ್ ಅಂದರೆ ಒಂದು. ಮುಂದಿನ ವಾರ ಕೈಗವಸು ಬೇಕಾಯಿತು. ನಲವತ್ತು ಜನ, ಎಂಬತ್ತು ಕೈ. 'ಎಯ್ಟಿ ಪೇರ್ಸ್' ಎಂದು ಬರೆದೆ. ನೂರ ಅರವತ್ತು ಗವಸು ಬಂದವು.

ಕೈಗವಸು, ಬೂಟಿನಂಥವಕ್ಕೆ ಪೇರ್ ಅಂದರೆ ನಿಜವಾಗಿಯೂ ಎರಡಂತೆ. ಗಿರಿಜಾ ಆ ದಿನ ಹೇಳಬೇಕೆಂದಿದ್ದು ಇದನ್ನೇ. ಈಗ ಹೇಳಲು ಹೋಗಿ, ನಗು ತಡೆಯಲಾರದೆ ನನ್ನ ಭುಜಕ್ಕೆ ಒರಗಿಬಿಟ್ಟಳು. ನಾನೂ ನಕ್ಕೆ.

ಮ್ಯಾನೇಜರ್ ಕರೆದು, ನೀವು ಕನ್ನಡದಲ್ಲೇ ಬರೆಯಿರಿ ಎಂದು ಕೈ ಮುಗಿದರು. ನನಗೆ ಹೋದ ಜೀವ ಬಂದಂತಾಯಿತು. ಹೊಸದಾಗಿ ಸೇರಿದವರಿಗಾಗಿ, 'ಹತ್ತು ಜೊತೆ ಬಟ್ಟೆ ಕಳಿಸಿ' ಎಂದು ಶುದ್ಧ ಕನ್ನಡದಲ್ಲಿ ಬರೆದು ಕಳಿಸಿದೆ. ಭಾನುವಾರ ಮನೆಯಲ್ಲಿದ್ದಾಗ ಅತ್ತಿಬೆಲೆ ಮೇಡಂ ಫೋನ್ ಮಾಡಿದರು.

"ಸಾರ್, ಜೊತೆ ಅಂದ್ರೆ ಎರಡು ಪ್ಯಾಂಟಾ, ಇಲ್ಲಾ ಪ್ಯಾಂಟೂ ಶರ್ಟೂನಾ?"

ನಾನು ಫೋನನ್ನು ಗಿರಿಜಾಳ ಕೈಗೆ ಕೊಟ್ಟೆ.